ಎರಡನೇ ಪಾಪು ಬರೋ ಮುಂಚೆ, ಮೊದಲನೇದರ ಕಡೆ ನೋಡಿ

ಹೊಟ್ಟೇಲಿರೋ ಪಾಪೂದು ಸ್ಕ್ಯಾನ್ ಆಯ್ತು, ಕಬ್ಬಿಣದ ಮಾತ್ರೆ ಶುರುವಾಯ್ತು. ಮನೆ ತುಂಬ ಓಡಾಡ್ತಿರೋ ಎರಡು ವರ್ಷದ ಪುಟಾಣಿ ಕಥೆ ಏನು?

ಅದರ ತಾಯಿ ಕಾರ್ಡ್ ತೆಗೀರಿ. 16ರಿಂದ 24 ತಿಂಗಳೊಳಗಿನ ಲಸಿಕೆ, ಅಂದ್ರೆ ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಹಾಕ್ಸಿದೀರಾ? ಬಾಕಿ ಇದ್ರೆ ಈಗಲೇ ಹಾಕಿಸಿ. ಬಾಣಂತನದಲ್ಲಿ ನೆನಪಾಗಲ್ಲ.

ತೂಕದ ವಿಷಯ. ಮೊದಲ ವರ್ಷ 6 ಕೆಜಿ ಏರಿದ ಮಗು, ಎರಡನೇ ವರ್ಷ ಎರಡೂವರೆ ಕೆಜಿ ಏರಿದ್ರೂ ಸರಿಯೇ. ಬೆಳವಣಿಗೆ ನಿಧಾನ ಆದಾಗ ಹಸಿವೂ ಇಳಿಯುತ್ತೆ. ಅದಕ್ಕೇ ಮನೆಮನೇಲೂ "ಏನೂ ತಿನ್ನಲ್ಲ ಕಣ್ರೀ" ಅನ್ನೋ ರಾಗ! ಚಾರ್ಟಿನ ಗೆರೆ ಮೇಲಕ್ಕೆ ಹೋಗ್ತಿದ್ಯಾ ನೋಡಿ, ಸಾಕು.

ಮಾತು? ಎರಡು ವರ್ಷಕ್ಕೆ "ಅಪ್ಪ ಬಾ", "ಹಾಲು ಬೇಡ" ಅಂತ ಎರಡು ಪದ ಜೋಡಿಸ್ಬೇಕು. ಓಡ್ಬೇಕು, ಚೆಂಡು ಒದೀಬೇಕು. ಇಲ್ಲಾಂದ್ರೆ "ಗಂಡುಮಕ್ಕಳು ತಡ" ಅಂತ ಕಾಯ್ಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಹಾಸಿಗೆ ಬದಲಾಯಿಸೋದು, ಪಾಟಿ ಅಭ್ಯಾಸ ಇವೆಲ್ಲ ಹೆರಿಗೆಗೆ ಎರಡು ಮೂರು ತಿಂಗಳ ಮುಂಚೆಯೇ ಮುಗೀಲಿ, ಇಲ್ಲ ಆಮೇಲಕ್ಕೆ ಬಿಡಿ. ಪಾಪು ಬಂದ್ಮೇಲೆ ದೊಡ್ಡದು ಮತ್ತೆ ಚಡ್ಡೀಲೇ ಉಚ್ಚೆ ಹೊಯ್ಯಬಹುದು, ಎತ್ಕೋ ಅಂತ ಅಳಬಹುದು. ಹಟ ಅಲ್ಲ ಅದು, ಗಾಬರಿ. ಬೈಬೇಡಿ.

ಇನ್ನು ನೆಂಟರಿಗೊಂದು ಮಾತು. "ಇನ್ಮೇಲೆ ಅಮ್ಮ ನಿಂಗಿಲ್ಲ, ಪಾಪೂಗೆ" ಅಂತ ಕೆಣಕ್ತೀರಲ್ಲ, ಆ ಮಗು ಅದನ್ನ ನಿಜ ಅಂತಲೇ ನಂಬುತ್ತೆ. ದಯವಿಟ್ಟು ಬಿಟ್ಬಿಡಿ.