ಮಾಜಿ ಸೈನಿಕನ ಅಂಗವೈಕಲ್ಯ ಪಿಂಚಣಿ: ತಿರಸ್ಕೃತವಾದ ಅರ್ಜಿಯ ಮೇಲ್ಮನವಿಯನ್ನು ಕುರಿತು

ಕಾಯಿಲೆಯ ದೆಸೆಯಿಂದ ಸೈನ್ಯವನ್ನು ಬಿಟ್ಟು ಮನೆಗೆ ಮರಳಿದವನಿಗೆ ಕೆಲಕಾಲದ ಮೇಲೆ ಒಂದು ಪತ್ರ ಬರುವುದುಂಟು. ಅದರ ತಿರುಳೆಲ್ಲ ಒಂದೇ ವಾಕ್ಯದಲ್ಲಿ ಅಡಗಿರುತ್ತದೆ: ವೈಕಲ್ಯವು ಸೇನಾ ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ, ಆದಕಾರಣ ಅಂಗವೈಕಲ್ಯ ಪಿಂಚಣಿಯ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಸೈನ್ಯಕ್ಕೆ ಮಕ್ಕಳನ್ನು ಕಳುಹಿಸುವ ಮನೆಗಳು ಕೊಡಗಿನಲ್ಲಿಯೂ ಬೆಳಗಾವಿಯ ಸೀಮೆಯಲ್ಲಿಯೂ ಬಹಳ. ಅಂಥ ಮನೆಗಳಲ್ಲಿ ಕಚೇರಿಯ ಇಂಗ್ಲಿಷಿನಲ್ಲಿರುವ ಈ ಪತ್ರವನ್ನು ಓದಿ ಹೇಳುವ ಕೆಲಸ ಊರಿನ ಅಧ್ಯಾಪಕರ ಪಾಲಿಗೋ, ಕಾಲೇಜಿಗೆ ಹೋಗುವ ಮಗ ಅಥವಾ ಮಗಳ ಪಾಲಿಗೋ ಬರುತ್ತದೆ. ಓದಿದವರು ಅರ್ಥ ಹೇಳಿ, ಸಮಾಧಾನದ ಎರಡು ಮಾತನ್ನಾಡಿ, ಸರ್ಕಾರದವರು ಇಲ್ಲವೆಂದ ಮೇಲೆ ಇನ್ನೇನಿದೆ ಎಂದು ಪತ್ರವನ್ನು ಮಡಿಸಿ ಕೊಡುತ್ತಾರೆ.

ಹೀಗೆ ಮಡಿಸಿ ಕೊಡುವುದು ಸರಿಯಲ್ಲವೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಆ ಪತ್ರ ಕಡೆಯ ತೀರ್ಪಲ್ಲ. ಅಷ್ಟೇ ಅಲ್ಲ, ಈ ವಿಷಯದಲ್ಲಿ ರುಜುವಾತಿನ ಹೊಣೆಯನ್ನು ಕಾನೂನು ಸೈನಿಕನ ಮೇಲೆ ಹೊರಿಸದೆ ಸರ್ಕಾರದ ಮೇಲೆಯೇ ಹೊರಿಸಿದೆ. ಈ ಒಂದು ಸಂಗತಿಯನ್ನು ಅರಿಯದವನು ಮೇಲ್ಮನವಿಯಲ್ಲಿ ಕರುಣೆಯನ್ನು ಬೇಡುತ್ತಾನೆ. ಅರಿತವನು ದಾಖಲೆಯನ್ನು ಕೇಳುತ್ತಾನೆ.

ಹಕ್ಕಿನ ಸ್ವರೂಪ

ಅಂಗವೈಕಲ್ಯ ಪಿಂಚಣಿಗೆ ಎರಡು ಮುಖ್ಯ ನಿಬಂಧನೆಗಳುಂಟು. 1961ರ ಭೂಸೇನಾ ಪಿಂಚಣಿ ನಿಯಮಾವಳಿಯ 173ನೆಯ ನಿಯಮದಂತೆ ವೈಕಲ್ಯವು ಸೇನಾ ಸೇವೆಯಿಂದ ಉಂಟಾಗಿರಬೇಕು ಅಥವಾ ಉಲ್ಬಣಗೊಂಡಿರಬೇಕು. ಅದರ ಪ್ರಮಾಣ ಶೇಕಡ 20ಕ್ಕೆ ಕಡಮೆಯಿರಕೂಡದು. ‘ಉಂಟಾಗು’ ಮತ್ತು ‘ಉಲ್ಬಣಗೊಳ್ಳು’ ಎಂಬ ಎರಡು ಪದಗಳ ನಡುವಣ ‘ಅಥವಾ’ ಎಂಬುದನ್ನು ವಾಚಕರು ಗಮನಿಸಬೇಕು. ರೋಗದ ಬೀಜ ದೇಹದಲ್ಲಿ ಮೊದಲೇ ಇದ್ದಿತೆಂದು ಒಪ್ಪಿದರೂ ಎತ್ತರದ ಚಳಿ, ನಿದ್ರೆಗೆಟ್ಟ ಕಾವಲು, ವರ್ಷಗಟ್ಟಲೆ ಮನೆಯವರಿಂದ ದೂರವಿರುವಿಕೆ ಇವುಗಳಿಂದ ಅದು ಬಲಿಯಿತೆಂದು ಕಂಡುಬಂದರೆ ಹಕ್ಕು ಹುಟ್ಟುತ್ತದೆ. ಯುದ್ಧದಲ್ಲಿ ಗುಂಡು ತಗುಲಿದವನಿಗೆ ಮಾತ್ರ ಈ ಪಿಂಚಣಿ ಎಂಬ ಜನಸಾಮಾನ್ಯರ ಭಾವನೆ ತಪ್ಪು.

ಮೊತ್ತದ ವಿಷಯವನ್ನೂ ತಿಳಿದಿರುವುದು ಒಳ್ಳೆಯದು. 2006ರಿಂದೀಚೆಗಿನ ಲೆಕ್ಕದಂತೆ ಪೂರ್ಣ ವೈಕಲ್ಯಕ್ಕೆ ಸಲ್ಲುವ ವೈಕಲ್ಯಾಂಶ ಕೊನೆಯ ವೇತನದ ಶೇಕಡ 30. ವೈಕಲ್ಯ ಕಡಮೆಯಾದಂತೆ ಇದೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಕೊನೆಯ ವೇತನ 30,000 ರೂಪಾಯಿ ಇದ್ದವನಿಗೆ ಪೂರ್ಣ ವೈಕಲ್ಯಕ್ಕೆ ತಿಂಗಳಿಗೆ 9,000 ರೂಪಾಯಿ, ಶೇಕಡ 20ರ ವೈಕಲ್ಯಕ್ಕೆ 1,800 ರೂಪಾಯಿ. ಆದರೆ 1996ರಿಂದ ಅನ್ವಯವಾದ ಒಂದು ವ್ಯವಸ್ಥೆಯಂತೆ ಶೇಕಡ 50ಕ್ಕೆ ಕೆಳಗಿನ ವೈಕಲ್ಯವನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೆ ಮೇಲ್ಪಟ್ಟದ್ದನ್ನು 100 ಎಂದೂ ಎಣಿಸತಕ್ಕದ್ದು. ಆಗ ಅದೇ ಸಿಪಾಯಿಯ ವೈಕಲ್ಯಾಂಶ 4,500 ರೂಪಾಯಿಗೆ ಏರುತ್ತದೆ. ಮೊದಲು ಈ ಅನುಕೂಲವನ್ನು ರೋಗದಿಂದಾಗಿ ಸೇವೆಯ ಮಧ್ಯದಲ್ಲಿ ಹೊರಬಿದ್ದವರಿಗೆ ಮಾತ್ರ ಕೊಡಲಾಗುತ್ತಿತ್ತು. ಸೇವಾವಧಿಯನ್ನು ಪೂರೈಸಿ ವೈಕಲ್ಯದೊಡನೆ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ನಿರ್ಣಯಿಸಿತು.

ರುಜುವಾತಿನ ಹೊಣೆ ಯಾರದು?

1982ರ ಅರ್ಹತಾ ನಿಯಮಗಳಲ್ಲಿ ಮೂರು ವಿಧಿಗಳು ಈ ಚರ್ಚೆಗೆ ಆಧಾರಸ್ತಂಭಗಳಂತಿವೆ. 5ನೆಯ ವಿಧಿ ಹೇಳುವುದು: ಸೇವೆಗೆ ಸೇರುವಾಗ ಬರೆದಿಟ್ಟ ದೋಷಗಳ ಹೊರತು ಸೈನಿಕನು ದೇಹದಲ್ಲಿಯೂ ಮನಸ್ಸಿನಲ್ಲಿಯೂ ಆರೋಗ್ಯವಂತನಾಗಿದ್ದನೆಂದು ಭಾವಿಸತಕ್ಕದ್ದು, ಮುಂದೆ ಆರೋಗ್ಯದ ಕಾರಣದಿಂದ ಅವನನ್ನು ಬಿಡುಗಡೆ ಮಾಡಿದರೆ ಆ ಕೇಡು ಸೇವೆಯಿಂದ ಆಯಿತೆಂದೇ ಭಾವಿಸತಕ್ಕದ್ದು. 9ನೆಯ ವಿಧಿಯಂತೆ ಹಕ್ಕುದಾರನನ್ನು ರುಜುವಾತು ಕೇಳಕೂಡದು, ಮತ್ತು ಯುಕ್ತವಾದ ಸಂದೇಹವಿದ್ದಲ್ಲಿ ಅದರ ಲಾಭ ಅವನಿಗೇ ಸಲ್ಲಬೇಕು. 14ನೆಯ ವಿಧಿಯಂತೆ, ಸೇರುವಾಗ ಬರೆದಿಡದ ರೋಗ ಸೇವೆಯಲ್ಲಿ ಹುಟ್ಟಿತೆಂದು ಸಾಮಾನ್ಯವಾಗಿ ಎಣಿಸಬೇಕು. ಆ ರೋಗ ಅಂದಿನ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವಂಥದಲ್ಲವೆಂದು ವೈದ್ಯರು ಹೇಳುವುದಾದರೆ ಕಾರಣಗಳನ್ನು ಬರೆದು ಹೇಳಬೇಕು.

ಈ ವಿಧಿಗಳು ಕಾಗದದ ಮೇಲೆ ಬಹುಕಾಲ ಇದ್ದವು. ಅವುಗಳಿಗೆ ಜೀವ ಬಂದುದು ಧರ್ಮವೀರ್ ಸಿಂಗ್ ಎಂಬ ಸಿಪಾಯಿಯ ಪ್ರಕರಣದಲ್ಲಿ. ಆತ 1985ರ ಜೂನ್ ತಿಂಗಳಲ್ಲಿ ಸೈನ್ಯದ ಸಿಗ್ನಲ್ಸ್ ವಿಭಾಗಕ್ಕೆ ಸೇರಿದನು. ಸುಮಾರು ಒಂಬತ್ತು ವರ್ಷಗಳ ಸೇವೆಯ ನಂತರ, 1994ರ ಏಪ್ರಿಲ್ 1ರಂದು, ಅಪಸ್ಮಾರದ ಕಾರಣದಿಂದ ಶೇಕಡ 20ರ ಶಾಶ್ವತ ವೈಕಲ್ಯವೆಂದು ಹೊರಬಂದನು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಮಂಡಳಿ ಬರೆಯಿತು, ಪಿಂಚಣಿ ದೊರೆಯಲಿಲ್ಲ. ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದಲ್ಲಿ ಏಕಸದಸ್ಯ ಪೀಠ ಆತನ ಪರವಾಗಿ ತೀರ್ಪಿತ್ತಿತು. 2009ರಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಮಾಡಿತು. ಕಡೆಗೆ 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ಆತನಿಗೆ ಪಿಂಚಣಿ ಸಲ್ಲಬೇಕೆಂದಿತು. ನ್ಯಾಯಾಲಯ ಕಂಡದ್ದು ಮುಖ್ಯವಾಗಿ ಎರಡು ಸಂಗತಿಗಳನ್ನು: ಸೇರುವಾಗಿನ ದಾಖಲೆಯಲ್ಲಿ ಅಪಸ್ಮಾರದ ಸುಳಿವಿರಲಿಲ್ಲ, ಸಂಬಂಧವಿಲ್ಲವೆಂದು ಹೇಳಿದ ಮಂಡಳಿ ಅದಕ್ಕೆ ಕಾರಣವನ್ನು ಕೊಟ್ಟಿರಲಿಲ್ಲ. ಸೇವೆಯಿಂದ ಹೊರಬಿದ್ದಂದಿನಿಂದ ಈ ತೀರ್ಪಿನವರೆಗೆ ಹತ್ತೊಂಬತ್ತು ವರ್ಷಗಳು ಸಂದಿದ್ದವು.

ಅದರ ಮುಂದಿನ ವರ್ಷ ಸುಖವಿಂದರ್ ಸಿಂಗ್ ಪ್ರಕರಣದಲ್ಲಿಯೂ 2015ರ ಫೆಬ್ರವರಿಯಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿಯೂ ಇದೇ ತತ್ತ್ವ ದೃಢಪಟ್ಟಿತು. ರೋಗದಿಂದಾಗಿ ಸೇವೆಯಿಂದ ಹೊರಕಳುಹಿಸಿದ ಮೇಲೆ ವೈಕಲ್ಯ ಶೇಕಡ 20ಕ್ಕಿಂತ ಕಡಮೆಯೆಂದು ಹೇಳುವುದು ಅಸಂಗತವೆಂಬ ಮಾತೂ ಇವುಗಳಲ್ಲಿ ಮೊದಲನೆಯದರಲ್ಲಿ ಬಂದಿತು.

ಈ ತತ್ತ್ವಕ್ಕೂ ಮಿತಿಯುಂಟೆಂಬುದನ್ನು ಮರೆಯಬಾರದು. 2019ರ ಅಕ್ಟೋಬರಿನಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಪಿಂಚಣಿಯನ್ನು ನಿರಾಕರಿಸಿತು. ಅಲ್ಲಿದ್ದುದು ಸ್ಕಿಜೋಫ್ರೇನಿಯಾ ಎಂಬ ಮನೋರೋಗ. ಸೇರುವಾಗಿನ ಸಾಮಾನ್ಯ ಪರೀಕ್ಷೆಯಲ್ಲಿ ಇಂಥ ರೋಗ ಕಾಣದೆ ಉಳಿಯಬಹುದು; ಬರೆದಿಲ್ಲವೆಂಬ ಒಂದೇ ಕಾರಣದಿಂದ ಅದು ಸೇವೆಯಿಂದಲೇ ಬಂದಿತೆಂದು ಹೇಳಲಾಗದು ಎಂಬುದು ತೀರ್ಪಿನ ಸಾರ. ಆದರೆ ಮನೋರೋಗಗಳಿಗೆಲ್ಲ ಬಾಗಿಲು ಮುಚ್ಚಿತೆಂದು ಇದರಿಂದ ಭಾವಿಸಬೇಕಾಗಿಲ್ಲ. 2025ರ ಮೇ ತಿಂಗಳಿನಲ್ಲಿ ರಾಜುಮೋನ್ ಪ್ರಕರಣದಲ್ಲಿ, ಮನೋರೋಗದ ವಿಷಯದಲ್ಲಿಯೇ, ಕಾರಣವಿಲ್ಲದ ವೈದ್ಯಾಭಿಪ್ರಾಯದ ಮೇಲೆ ಪಿಂಚಣಿಯನ್ನು ನಿರಾಕರಿಸುವುದು ನಿಲ್ಲದೆಂದು ನ್ಯಾಯಾಲಯ ಹೇಳಿತು. ಎರಡನ್ನೂ ಕೂಡಿಸಿ ನೋಡಿದರೆ ಒಂದು ಸೂತ್ರ ಹೊರಡುತ್ತದೆ: ಕಾರಣ ಕೊಟ್ಟು ಇಲ್ಲವೆಂದ ಮಂಡಳಿಯ ಮಾತನ್ನು ಮುರಿಯುವುದು ಕಷ್ಟ, ಕಾರಣ ಕೊಡದೆ ಇಲ್ಲವೆಂದ ಮಂಡಳಿಯ ಮಾತಿಗೆ ತೂಕ ಕಡಮೆ.

ಯಾವ ನಿಯಮ ಯಾರಿಗೆ ಅನ್ವಯಿಸುತ್ತದೆಂಬುದನ್ನು ಸೇವೆಯಿಂದ ಹೊರಬಂದ ದಿನಾಂಕ ನಿರ್ಧರಿಸುತ್ತದೆ. 1982ರ ನಿಯಮಗಳ ಬಳಿಕ 2008ರ ನಿಯಮಗಳು ಬಂದವು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಹಳಬರ ಪ್ರಕರಣಕ್ಕೆ ಹೊಸ ನಿಯಮವನ್ನೂ ಹೊಸಬರ ಪ್ರಕರಣಕ್ಕೆ ಹಳೆಯ ನಿಯಮವನ್ನೂ ಉದಾಹರಿಸಿ ಮನವಿ ಕೆಡಿಸಿಕೊಳ್ಳಬಾರದು.

ಮೊದಲ ಕೆಲಸ: ದಾಖಲೆಗಳ ಸಂಗ್ರಹ

ಮೇಲಿನ ಸೂತ್ರದಿಂದಲೇ ಸಹಾಯಕನ ಕೆಲಸ ಯಾವುದೆಂಬುದು ಸ್ಪಷ್ಟವಾಗುತ್ತದೆ. ಅವನು ಮೊದಲು ಕೈಗೆ ತಂದುಕೊಳ್ಳಬೇಕಾದ ಕಾಗದಗಳು ಐದು: ಸೇರುವಾಗಿನ ವೈದ್ಯ ಪರೀಕ್ಷೆಯ ಪತ್ರ, ಸೇವೆಯ ಕಾಲದಲ್ಲಿ ಆಸ್ಪತ್ರೆಗೆ ಸೇರಿದ ಹಾಗೂ ವೈದ್ಯದರ್ಜೆ ಇಳಿದ ವಿವರಗಳು, ಗಾಯವಾಗಿದ್ದಲ್ಲಿ ಗಾಯದ ವರದಿ ಮತ್ತು ವಿಚಾರಣೆಯ ನಡವಳಿ, ಬಿಡುಗಡೆಯ ಕಾಲದ ವೈದ್ಯಮಂಡಳಿಯ ಸಂಪೂರ್ಣ ನಡವಳಿ, ತಿರಸ್ಕಾರ ಪತ್ರ. ಇವುಗಳಲ್ಲಿ ಕಡೆಯದೊಂದೇ ಸಾಮಾನ್ಯವಾಗಿ ಮನೆಯಲ್ಲಿರುತ್ತದೆ. ಉಳಿದವು ಅವನ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿ ದೊರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನವನಾದರೆ ಬೆಂಗಳೂರಿಗೂ, ಮರಾಠಾ ಲಘು ಪದಾತಿದಳದವನಾದರೆ ಬೆಳಗಾವಿಗೂ ಬರೆಯಬೇಕು. ಬರೆದರೂ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಅರ್ಜಿ ಹಾಕಬಹುದು; ಮೂವತ್ತು ದಿನಗಳೊಳಗೆ ಉತ್ತರ ಕೊಡುವುದು ಕಚೇರಿಯ ಕರ್ತವ್ಯ.

ಕಾಗದಗಳು ಬಂದ ಮೇಲೆ ಅವುಗಳನ್ನು ಎರಡು ಕಣ್ಣುಗಳಿಂದ ಓದಬೇಕು. ಇರುವುದನ್ನು ಓದುವುದು ಒಂದು. ಇಲ್ಲದುದನ್ನು ಓದುವುದು ಇನ್ನೊಂದು. ಸೇರುವಾಗಿನ ಪತ್ರದಲ್ಲಿ ಈ ರೋಗದ ಉಲ್ಲೇಖವಿದೆಯೆ? ರೋಗ ಮೊದಲು ಕಾಣಿಸಿಕೊಂಡ ದಿನ ಅವನು ಎಲ್ಲಿ, ಯಾವ ಕೆಲಸದಲ್ಲಿದ್ದನು? ಸಂಬಂಧವಿಲ್ಲವೆಂದು ಬರೆದ ಅಂಕಣದ ಮುಂದೆ ಕಾರಣದ ಅಂಕಣದಲ್ಲಿ ಏನಿದೆ? ಅಲ್ಲಿ ಬರಿದು ಜಾಗವಾಗಲಿ, ಎಲ್ಲರಿಗೂ ಹೊಂದುವ ಒಂದು ಸಿದ್ಧ ವಾಕ್ಯವಾಗಲಿ ಇದ್ದರೆ ಮೇಲ್ಮನವಿಯ ಬಲವೆಲ್ಲ ಆ ಅಂಕಣದಲ್ಲಿಯೇ ಇದೆಯೆನ್ನಬಹುದು.

ಮೇಲ್ಮನವಿಯ ಹಂತಗಳು

ಮೊದಲ ಮೇಲ್ಮನವಿ ಸೇನಾ ಮುಖ್ಯಾಲಯದ ಪ್ರಥಮ ಮೇಲ್ಮನವಿ ಸಮಿತಿಗೆ. ಎರಡನೆಯದು ಪಿಂಚಣಿಯನ್ನು ಕುರಿತ ದ್ವಿತೀಯ ಮೇಲ್ಮನವಿ ಸಮಿತಿಗೆ. ಪ್ರತಿಯೊಂದಕ್ಕೂ ಸಾಮಾನ್ಯವಾಗಿ ಆರು ತಿಂಗಳ ಅವಧಿಯುಂಟು. ತಿರಸ್ಕಾರ ಪತ್ರದಲ್ಲಿ ನಮೂದಿಸಿದ ಅವಧಿಯನ್ನು ಮೊದಲು ನೋಡಿಕೊಳ್ಳತಕ್ಕದ್ದು. ಮನವಿ ಎರಡು ಪುಟಗಳನ್ನು ಮೀರಬೇಕಾಗಿಲ್ಲ. ಸೇವೆಯ ವಿವರ, ಸೇರುವಾಗಿನ ಆರೋಗ್ಯ, ರೋಗ ತಲೆದೋರಿದ ಸಂದರ್ಭ, ಮಂಡಳಿಯ ಅಭಿಪ್ರಾಯದ ದೋಷ, ಅನ್ವಯಿಸುವ ವಿಧಿ ಮತ್ತು ತೀರ್ಪುಗಳು, ಕೋರಿಕೆ, ಈ ಕ್ರಮ ಸಾಕು. ಅಧಿಕಾರಿಗಳ ನಿಂದೆಯಾಗಲಿ ಬಡತನದ ವರ್ಣನೆಯಾಗಲಿ ಅದರಲ್ಲಿ ಬೇಡ. ರೋಗದ ಚರಿತ್ರೆಯಲ್ಲಿ ಒಂದು ಅಕ್ಷರವನ್ನೂ ಹೆಚ್ಚಿಸಿ ಬರೆಯಕೂಡದು. ಒಂದು ಸುಳ್ಳು ಹತ್ತು ಸತ್ಯಗಳನ್ನು ಶಂಕೆಗೆ ಗುರಿಮಾಡುತ್ತದೆ.

ಇಲ್ಲಿಯೂ ನ್ಯಾಯ ದೊರೆಯದಿದ್ದರೆ ಸಶಸ್ತ್ರಪಡೆಗಳ ನ್ಯಾಯಾಧಿಕರಣವಿದೆ. 2007ರ ಅಧಿನಿಯಮದಿಂದ ಹುಟ್ಟಿ 2009ರಲ್ಲಿ ಕಾರ್ಯಾರಂಭ ಮಾಡಿದ ಈ ಸಂಸ್ಥೆಯ ಪ್ರಧಾನ ಪೀಠ ದೆಹಲಿಯಲ್ಲಿಯೂ ದಕ್ಷಿಣದ ಪೀಠಗಳು ಚೆನ್ನೈ ಮತ್ತು ಕೊಚ್ಚಿಗಳಲ್ಲಿಯೂ ಇವೆ. ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದಲ್ಲಿ ಕಾಯುತ್ತ ಕೂರದೆ ನ್ಯಾಯಾಧಿಕರಣಕ್ಕೆ ಹೋಗಲು ಅಧಿನಿಯಮವೇ ಅವಕಾಶವಿತ್ತಿದೆ. ಅದರ ತೀರ್ಪಿನಿಂದಲೂ ನೊಂದವನು ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವನ್ನು ಆಶ್ರಯಿಸಬಹುದೆಂದು 2023ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ವಕೀಲರ ವೆಚ್ಚಕ್ಕೆ ಹೆದರಬೇಕಾಗಿಲ್ಲ; 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಅಂಗವಿಕಲರಿಗೆ ಉಚಿತ ನೆರವು ಉಂಟು. ಸೈನಿಕ ಕಲ್ಯಾಣ ಕಚೇರಿಗಳ ಮೂಲಕವೇ ಇಂಥ ನೆರವು ದೊರೆಯುವಂತೆ 2025ರ ಜುಲೈ ತಿಂಗಳಿನಲ್ಲಿ ರಾಷ್ಟ್ರೀಯ ಪ್ರಾಧಿಕಾರ ಒಂದು ಯೋಜನೆಯನ್ನೂ ಆರಂಭಿಸಿತು.

ವಿಳಂಬದ ಬೆಲೆ

ಇಷ್ಟೆಲ್ಲ ಇದ್ದರೂ ಹೆಚ್ಚಿನ ನಷ್ಟ ಸಂಭವಿಸುವುದು ಸುಮ್ಮನಿರುವುದರಿಂದ. ತರ್ಸೇಮ್ ಸಿಂಗ್ ಎಂಬ ಸೈನಿಕ 1983ರ ನವೆಂಬರಿನಲ್ಲಿ ರೋಗದ ಕಾರಣದಿಂದ ಸೇವೆಯಿಂದ ಹೊರಬಂದನು. ನ್ಯಾಯಾಲಯದ ಮೆಟ್ಟಿಲೇರಿದುದು 1999ರಲ್ಲಿ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದುದಿಷ್ಟು: ಪಿಂಚಣಿ ತಿಂಗಳು ತಿಂಗಳೂ ಸಲ್ಲಬೇಕಾದುದರಿಂದ ಅದರ ನಿರಾಕರಣೆ ಮುಂದುವರಿಯುವ ಅನ್ಯಾಯ, ಆದ್ದರಿಂದ ತಡವಾಯಿತೆಂದು ಹಕ್ಕನ್ನೇ ಅಳಿಸಲಾಗದು; ಆದರೆ ಹಿಂದಿನ ಬಾಕಿ ಅರ್ಜಿ ಹಾಕಿದ ದಿನಕ್ಕೆ ಹಿಂದಣ ಮೂರು ವರ್ಷಗಳಿಗೆ ಮಾತ್ರ. ಹದಿನಾರು ವರ್ಷಗಳಲ್ಲಿ ಸುಮಾರು ಹದಿಮೂರು ವರ್ಷಗಳ ಹಣ ಹೀಗೆ ಕೈಬಿಟ್ಟಿತು. ಆದಕಾರಣ ಇಪ್ಪತ್ತು ವರ್ಷ ಹಳೆಯ ಪತ್ರವನ್ನು ಹಿಡಿದು ಬಂದವನಿಗೂ ಕಾಲ ಮೀರಿತೆಂದು ಹೇಳಬಾರದು. ಇಂದು ಬಂದ ಪತ್ರವನ್ನು ಹಿಡಿದು ಬಂದವನಿಗೆ ನಾಳೆ ನೋಡೋಣವೆಂದೂ ಹೇಳಬಾರದು.

ನಮ್ಮ ವಾಚಕರೆಲ್ಲರೂ ನ್ಯಾಯವಾದಿಗಳಲ್ಲ, ಆಗಬೇಕಾಗಿಯೂ ಇಲ್ಲ. ವಕೀಲನ ಕೆಲಸ ನ್ಯಾಯಾಧಿಕರಣದ ಬಾಗಿಲಲ್ಲಿ ಆರಂಭವಾಗುತ್ತದೆ; ಅದಕ್ಕೆ ಮುಂಚಿನ ಕೆಲಸ, ಎಂದರೆ ಪತ್ರವನ್ನು ಸರಿಯಾಗಿ ಓದುವುದು, ದಿನಾಂಕಗಳನ್ನು ಗುರುತಿಸುವುದು, ದಾಖಲೆಗಳನ್ನು ತರಿಸುವುದು, ಬರಿದಾದ ಅಂಕಣವನ್ನು ಕಂಡುಹಿಡಿಯುವುದು, ಇವು ವಿದ್ಯಾವಂತನಾದ ಯಾವನಿಂದಲೂ ಆಗುವಂಥವು. ಸೈನಿಕನನ್ನು ಸೇರಿಸಿಕೊಳ್ಳುವಾಗ ಆರೋಗ್ಯವಂತನೆಂದು ರುಜು ಹಾಕಿದ್ದು ಸರ್ಕಾರದ ವೈದ್ಯನೇ. ಆ ರುಜುವಿಗೆ ಅವರೇ ಬೆಲೆ ಕೊಡಲಿ ಎಂದು ಕೇಳುವುದರಲ್ಲಿ ಯಾಚನೆಯೇನೂ ಇಲ್ಲ.