ಏರಿಳಿತಕ್ಕೆ ಹಲವು ಹೆಸರು: ವಾಣಿಜ್ಯದ ಇಂಗ್ಲಿಷ್ ಪದಗಳ ಮೂಲಾರ್ಥ

ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿಯಂತಹ ಮೀನುಗಾರಿಕಾ ಬಂದರಿನಲ್ಲಿ ಬಂಗಡೆಯ ದರ ದಿನದಿಂದ ದಿನಕ್ಕೆ ಬದಲಾಗುವುದು ಸಾಮಾನ್ಯ. ಮಳೆಗಾಲದಲ್ಲಿ ಯಾಂತ್ರೀಕೃತ ದೋಣಿಗಳು ದಡ ಸೇರುತ್ತವೆ. ಕೆಲವು ವರ್ಷ ತಾರ್ಲೆ ಮೀನೇ ವಿರಳವಾಗುತ್ತದೆ. ಇವೆಲ್ಲವನ್ನೂ ನಾವು ‘ಏರಿಳಿತ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಬ್ಯಾಂಕಿನ ಪತ್ರ, ವಿಮಾ ಪಾಲಿಸಿ ಹಾಗೂ ರಫ್ತು ಕರಾರುಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷ್. ಅಲ್ಲಿ ಒಂದೊಂದು ಬಗೆಯ ಬದಲಾವಣೆಗೂ ಪ್ರತ್ಯೇಕ ಪದವಿದೆ, ಪ್ರತ್ಯೇಕ ಪರಿಣಾಮವೂ ಇದೆ. ಪದದ ಮೂಲ ತಿಳಿದರೆ ಈ ವ್ಯತ್ಯಾಸ ಸುಲಭವಾಗಿ ಮನದಟ್ಟಾಗುತ್ತದೆ.

ಅಲೆ ಮತ್ತು ರೆಕ್ಕೆ

‘ಫ್ಲಕ್ಚುಯೇಶನ್’ ಎಂಬುದರ ಮೂಲ ಲ್ಯಾಟಿನ್ ಭಾಷೆಯ ‘ಫ್ಲಕ್ಟಸ್’, ಅಂದರೆ ಅಲೆ. ಎದ್ದ ಅಲೆ ಇಳಿಯುತ್ತದೆ. ನೀರಿನ ಮಟ್ಟ ಉಳಿಯುತ್ತದೆ. ಒಂದು ಮಟ್ಟದ ಆಚೀಚೆ ತೂಗಾಡುವ ದರಕ್ಕೆ ಈ ಪದ ಒಪ್ಪುತ್ತದೆ. ಮಂಜುಗಡ್ಡೆ ಮತ್ತು ಶೀತಲಗೃಹದ ಅನುಕೂಲವಿದ್ದವರು ಇಂತಹ ಇಳಿತವನ್ನು ಕಾದು ದಾಟಬಲ್ಲರು.

‘ವೊಲಟೈಲ್’ ಎಂಬುದು ‘ವೊಲಾರೆ’, ಅಂದರೆ ಹಾರು ಎಂಬ ಲ್ಯಾಟಿನ್ ಧಾತುವಿನಿಂದ ಬಂದಿದೆ. ಬೇಗ ಆವಿಯಾಗುವ ದ್ರವಕ್ಕೂ ಇದೇ ವಿಶೇಷಣ. ಹಾರಿದ್ದು ಎಲ್ಲಿ ಇಳಿಯುವುದೆಂದು ಹೇಳಲಾಗದು; ಇಲ್ಲಿ ಕಾಯುವುದೇ ಅಪಾಯ. ವಿದೇಶಿ ವಿನಿಮಯ ದರ ಹೀಗೆ ವರ್ತಿಸುವಾಗ ರಫ್ತುದಾರರು ಬ್ಯಾಂಕಿನೊಡನೆ ಮುಂಗಡ ಕರಾರು ಮಾಡಿಕೊಂಡು ದರವನ್ನು ಖಚಿತಪಡಿಸಿಕೊಳ್ಳುವುದು ಇದಕ್ಕಾಗಿಯೇ.

ಋತುವೋ, ಅಕ್ರಮವೋ?

‘ಮಾನ್ಸೂನ್’ ಪದದ ಬೇರು ಅರಬ್ಬಿಯ ‘ಮೌಸಿಮ್’, ಅಂದರೆ ನಿಗದಿತ ಕಾಲ. ವಿಜಯನಗರದ ಕಾಲದಲ್ಲಿ ಭಟ್ಕಳಕ್ಕೆ ಕುದುರೆಗಳನ್ನು ತಂದ ಹಡಗುಗಳು ಈ ಗಾಳಿಯ ನಿಯತಕಾಲವನ್ನೇ ನಂಬಿ ಹಾಯಿ ಬಿಚ್ಚುತ್ತಿದ್ದವು. ‘ಸೀಸನ್’ ಪದದ ಮೂಲಾರ್ಥವೂ ಬಿತ್ತನೆಯ ಕಾಲ. ಅಂದಮೇಲೆ ‘ಸೀಸನಲ್’ ಎಂದರೆ ಅನಿಶ್ಚಿತವಲ್ಲ. ಮೊದಲೇ ತಿಳಿದಿರುವ ಬದಲಾವಣೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಈ ವರ್ಗಕ್ಕೆ ಸೇರುತ್ತದೆ.

‘ಇರ‍್ರೆಗ್ಯುಲರ್’ ಹಾಗಲ್ಲ. ಲ್ಯಾಟಿನ್‌ನ ‘ರೆಗುಲಾ’ ಎಂದರೆ ಗೆರೆ ಎಳೆಯುವ ನೇರ ಕೋಲು. ಅದು ತೋರಿದ ಗೆರೆಯನ್ನು ಬಿಟ್ಟದ್ದು ‘ಇರ‍್ರೆಗ್ಯುಲರ್’. ಮಂಜೂರಾದ ಮಿತಿ ಅಥವಾ ಅವಧಿ ಮೀರಿದ ಖಾತೆಯನ್ನು ಬ್ಯಾಂಕುಗಳು ಹೀಗೆ ಕರೆಯುತ್ತವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅವಧಿ ಸಾಲದ ಕಂತು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಬಾಕಿಯಾದರೆ ಸಾಲ ಅನುತ್ಪಾದಕವೆನಿಸುತ್ತದೆ. ಆದುದರಿಂದ ದೋಣಿ ಮಾಲೀಕರು ಸಾಲದ ಅರ್ಜಿಯಲ್ಲಿಯೇ ತಮ್ಮ ಆದಾಯ ‘ಸೀಸನಲ್’ ಎಂದು ತಿಳಿಸಿ, ಆಗಸ್ಟ್‌ನಿಂದ ಮೇ ತಿಂಗಳವರೆಗೆ ಕಂತುಗಳನ್ನು ಹೊಂದಿಸಿಕೊಡುವಂತೆ ಕೋರುವುದು ಲೇಸು. ಮೊದಲೇ ಹೇಳದ ಬಿಡುವು ಬ್ಯಾಂಕಿನ ಕಡತದಲ್ಲಿ ಅಕ್ರಮವಾಗಿಯೇ ಕಾಣುತ್ತದೆ.

ಸಮತಟ್ಟು ತಪ್ಪಿದಾಗ

‘ಅನಾಮಲಿ’ ಗ್ರೀಕ್ ಮೂಲದ ಪದ, ಅರ್ಥ, ಸಮತಟ್ಟಲ್ಲದ್ದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ತಾರ್ಲೆ ದೊರೆತಿತ್ತು. 2021ರಲ್ಲಿ ದೊರೆತದ್ದು ಸುಮಾರು 3,300 ಟನ್. ಇದನ್ನು ಸಾಧಾರಣ ಅಲೆಯೆನ್ನಲಾಗದು. ಈ ನಡುವೆ 2015ರಲ್ಲಿ ಪ್ರಬಲ ‘ಎಲ್ ನಿನೊ’ ಕಾಣಿಸಿಕೊಂಡಿತ್ತು; ತಾರ್ಲೆಯ ಇಳಿಮುಖಕ್ಕೆ ಅದೂ ಒಂದು ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಕ್ರಿಸ್‌ಮಸ್ ಸಮಯದಲ್ಲಿ ಸಮುದ್ರ ಬೆಚ್ಚಗಾಗುವುದನ್ನು ಕಂಡು ಬಾಲಯೇಸುವಿನ ನೆನಪಿನಲ್ಲಿ ಈ ಸ್ಪ್ಯಾನಿಷ್ ಹೆಸರನ್ನಿಟ್ಟವರು ಪೆರು ದೇಶದ ಕರಾವಳಿಯ ಮೀನುಗಾರರು ಎಂಬುದು ಗಮನಾರ್ಹ.

‘ಆವರೇಜ್’ ಎಂಬ ಎಚ್ಚರಿಕೆ

ಏರಿಳಿತವನ್ನು ಸಮಗೊಳಿಸುವ ‘ಆವರೇಜ್’ ಪದದ ಮೂಲ, ಬಹುಪಾಲು ವಿದ್ವಾಂಸರ ಮತದಂತೆ, ಕೆಟ್ಟ ಸರಕನ್ನು ಸೂಚಿಸುವ ಅರಬ್ಬಿ ಪದ. ಹಡಗನ್ನು ಉಳಿಸಲು ಸರಕನ್ನು ಕಡಲಿಗೆ ಎಸೆದರೆ, ಆ ನಷ್ಟವನ್ನು ಹಡಗಿನ ಒಡೆಯನೂ ಎಲ್ಲ ಸರಕುದಾರರೂ ಪ್ರಮಾಣಾನುಸಾರ ಹೊರುವ ಪದ್ಧತಿಯಿತ್ತು. ಸರಾಸರಿ ಎಂಬ ಅರ್ಥ ಮೂಡಿದ್ದು ಈ ಸಮಪಾಲಿನಿಂದ. ಭಾರತದ 1963ರ ಸಾಗರ ವಿಮಾ ಕಾಯಿದೆಯಲ್ಲಿ ಹಳೆಯ ಅರ್ಥವೇ ಉಳಿದಿದೆ.

ಅಗ್ನಿ ವಿಮೆಯ ‘ಆವರೇಜ್’ ಷರತ್ತಿನಲ್ಲಿಯೂ ಇದರ ಅರ್ಥ ಸರಾಸರಿಯಲ್ಲ. 10 ಲಕ್ಷ ರೂಪಾಯಿಯ ದಾಸ್ತಾನಿಗೆ 6 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದು, 2 ಲಕ್ಷ ರೂಪಾಯಿಯ ಹಾನಿಯಾದರೆ ಈ ಷರತ್ತಿನಂತೆ ದೊರೆಯುವುದು 1.2 ಲಕ್ಷ ಮಾತ್ರ. ಉಳಿದ 80 ಸಾವಿರ ರೂಪಾಯಿಯ ನಷ್ಟ ವರ್ತಕನದೇ.

ಕರಾರು ಪತ್ರಕ್ಕೆ ಸಹಿ ಹಾಕುವ ಮುನ್ನ ಇಂತಹ ಪದಗಳಿಗೆ ಅಡಿಗೆರೆ ಹಾಕಿ ಅರ್ಥ ಕೇಳಿ ತಿಳಿಯುವುದು ವರ್ತಕರ ಹಕ್ಕು. ಅದಕ್ಕೆ ತಗಲುವ ವೆಚ್ಚ ಏನೂ ಇಲ್ಲ. ತಪ್ಪುವ ನಷ್ಟ ಮಾತ್ರ ಸಣ್ಣದಲ್ಲ.