ಲಾರಿ ಅಪಘಾತ: ಹೊಣೆ ಯಾರದು?

2023ರ ಜನವರಿ ಮೊದಲ ವಾರ. ಬನದ ಹುಣ್ಣಿಮೆ ಇನ್ನೇನು ಬಂದೇ ಬಿಟ್ಟಿತ್ತು. ಗೀಗೀ ಪದಗಳಿಂದ ಹೆಸರಾದ ಹುಲಕುಂದ ನಮ್ಮ ರಾಮದುರ್ಗ ತಾಲೂಕಿನದು. ಅಲ್ಲಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರು ಸರಕು ಸಾಗಿಸುವ ವಾಹನವೊಂದರಲ್ಲಿ ಕುಳಿತಿದ್ದರು. ಚುಂಚನೂರಿನ ಹತ್ತಿರ ಆ ವಾಹನ ರಸ್ತೆಯ ಬದಿಯ ಮರಕ್ಕೆ ಅಪ್ಪಳಿಸಿತು. ಆರು ಜನ ತೀರಿಕೊಂಡರು. ಗಾಯಗೊಂಡವರು ಅದಕ್ಕೂ ಹೆಚ್ಚು. ಗುಡ್ಡದ ಮೇಲೆ ‘ಉಧೋ ಉಧೋ’ ಎಂಬ ಕೂಗು ಕೇಳುವ ಹೊತ್ತಿಗೆ ಊರಿನಲ್ಲಿ ಬೇರೆಯೇ ಬಗೆಯ ಕೂಗು ಎದ್ದಿತ್ತು.

ಆ ಒಂದು ಪ್ರಕರಣದ ತಪ್ಪು ಒಪ್ಪುಗಳನ್ನು ತೂಗುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ಅಂಥ ಸುದ್ದಿ ಓದಿದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಹಿಂದೆ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದ ನಮ್ಮ ಜನ ಈಗ ಲಾರಿ, ಟೆಂಪೋ, ಟ್ರ್ಯಾಕ್ಟರುಗಳನ್ನು ಏರುತ್ತಾರೆ. ಮದುವೆಯ ದಿಬ್ಬಣವೂ ಅದರಲ್ಲೇ, ಕಳೆ ಕೀಳುವ ಆಳುಗಳೂ ಅದರಲ್ಲೇ. ಗಾಡಿ ಉರುಳಿದರೆ ಹೊಣೆ ಯಾರದು?

ಹೊಣೆ ಎಂಬುದು ಹಳೆಯ ಮಾತು. ಹಳಗನ್ನಡದಲ್ಲಿ ಅದು ‘ಪೊಣೆ’. ಮತ್ತೊಬ್ಬನ ಪರವಾಗಿ ಜಾಮೀನು ನಿಲ್ಲುವುದು ಎಂದು ಅದರ ಅರ್ಥ. ಇಂದು ನಾವು ‘ಹೊಣೆ’ ಎಂದರೆ ‘ತಪ್ಪು ಯಾರದು’ ಎಂದೇ ತಿಳಿಯುತ್ತೇವೆ. ಆದರೆ ಅಪಘಾತದ ಕಾನೂನಿನಲ್ಲಿ ಈ ಪದಕ್ಕೆ ಅದರ ಹಳೆಯ ಅರ್ಥವೇ ಹೊಂದುತ್ತದೆಂದು ನನಗೆ ತೋರುತ್ತದೆ. ತಪ್ಪು ಮಾಡಿದವನು ಚಾಲಕ. ಅವನಿಗೆ ಹೊಣೆ ಗಾಡಿಯ ಮಾಲೀಕ. ಮಾಲೀಕನಿಗೆ ಹೊಣೆ ವಿಮಾ ಕಂಪನಿ. ಈ ಸರಪಳಿಯ ಕೊನೆಯ ಕೊಂಡಿ ಗಟ್ಟಿಯಾಗಿದ್ದರೆ ಮಾತ್ರ ಸತ್ತವನ ಮನೆಗೆ ನಾಲ್ಕು ಕಾಸು ಬರುತ್ತದೆ. ಏಕೆಂದರೆ ಚಾಲಕನಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಮಾಲೀಕನಲ್ಲಿ ಇರುವುದು ಸಾಲದ ಕಂತು.

ಮಾಲೀಕನೆಂದರೆ ಯಾರು? ಲಾರಿಯನ್ನು ಮಾರಿ, ಹಣ ಎಣಿಸಿಕೊಂಡು, ನೋಂದಣಿ ಪುಸ್ತಕದಲ್ಲಿ ಹೆಸರು ಬದಲಿಸದೆ ಬಿಟ್ಟವರು ನಮ್ಮಲ್ಲಿ ಬಹಳ. ಅಂಥವರಿಗೆ 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ನೆನಪಿರಬೇಕು. ಪುಸ್ತಕದಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲೀಕ. ಲಾರಿ ಮೂರು ಕೈ ದಾಟಿ ಹೋಗಿದ್ದರೂ ನೋಟೀಸು ಬರುವುದು ಅವನ ಮನೆಗೆ.

ಇನ್ನು ವಿಮಾ ಕಂಪನಿ. ದಾರಿಯಲ್ಲಿ ನಡೆಯುವವರು, ಸೈಕಲ್ಲು ಬೈಕುಗಳ ಮೇಲಿನವರು, ಎದುರಿನ ಗಾಡಿಯಲ್ಲಿ ಕುಳಿತವರು, ಇವರನ್ನೆಲ್ಲ ಕಾನೂನು ‘ಮೂರನೆಯ ವ್ಯಕ್ತಿ’ಗಳೆಂದು ಕರೆಯುತ್ತದೆ. ಇವರಿಗಾಗಿ ವಿಮೆ ಇಲ್ಲದೆ ಯಾವ ವಾಹನವೂ ರಸ್ತೆಗೆ ಇಳಿಯಕೂಡದು. ಚಾಲಕನಿಗೆ ಪರವಾನಗಿ ಇಲ್ಲವೆಂದು ಕಂಪನಿ ವಾದಿಸಿ ಗೆದ್ದರೂ, ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಪದ್ಧತಿ 2004ರ ತೀರ್ಪಿನಿಂದ ನೆಲೆಗೊಂಡಿದೆ.

ಆದರೆ ಸರಕಿನ ಗಾಡಿಯ ಒಳಗೆ ಕುಳಿತವರ ಮಾತು ಬೇರೆ. ಈ ಭೇದ ನಮ್ಮ ಹಳ್ಳಿಗಳಿಗೆ ತಿಳಿಯದೆಯೇ ಎಷ್ಟೋ ಮನೆಗಳು ಹಾಳಾಗಿವೆ. 1994ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಸರಕಿನ ಗಾಡಿಯಲ್ಲಿ ಸರಕಿನ ಒಡೆಯನಾಗಲಿ ಅವನ ಅಧಿಕೃತ ಪ್ರತಿನಿಧಿಯಾಗಲಿ ಪ್ರಯಾಣ ಮಾಡಿದರೆ ಅವನಿಗೂ ವಿಮೆಯ ರಕ್ಷಣೆ ಉಂಟೆಂದು ಬರೆದರು. ಉಳಿದವರ ಮಾತನ್ನು ಆಡಲಿಲ್ಲ. 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ಪ್ರಯಾಣಿಕರಿಗೂ ರಕ್ಷಣೆ ಇದೆಯೆಂದಿತು. 2002ರಲ್ಲಿ, ಆಶಾ ರಾಣಿ ಪ್ರಕರಣದಲ್ಲಿ, ಆ ಮಾತನ್ನು ತಿದ್ದಿ, ಸರಕಿನ ಗಾಡಿಯಲ್ಲಿ ಪುಕ್ಕಟೆಯಾಗಿ ಕುಳಿತವರಿಗೆ ಕಂಪನಿ ಹೊಣೆಯಲ್ಲ ಎಂದಿತು. ಸವದತ್ತಿಯ ರೈತನೊಬ್ಬ ತನ್ನ ಹತ್ತಿಯ ಅಂಡಿಗೆಗಳ ಜೊತೆಗೆ ಬೈಲಹೊಂಗಲದ ಪೇಟೆಗೆ ಹೊರಟನೆನ್ನಿ. ದಾರಿಯಲ್ಲಿ ಅದೇ ಗಾಡಿಯನ್ನು ಕೈ ಮಾಡಿ ನಿಲ್ಲಿಸಿ ಹತ್ತಿದ ಮುದುಕಿಯೊಬ್ಬಳು ಅವನ ಪಕ್ಕದಲ್ಲಿ ಕುಳಿತಳು. ಗಾಡಿ ಉರುಳಿದರೆ ರೈತನ ಮನೆಯವರಿಗೆ ಕಂಪನಿ ಕೊಡಬೇಕು; ಮುದುಕಿಯ ಮನೆಯವರು ಮಾಲೀಕನ ಬೆನ್ನು ಹತ್ತಬೇಕು. ಚಾಲಕ ದಯೆಯಿಂದಲೇ ಅವಳನ್ನು ಹತ್ತಿಸಿಕೊಂಡಿದ್ದಾನೆ. ಆ ದಯೆಯೇ ಅವಳನ್ನು ರಕ್ಷಣೆಯ ಹೊರಗೆ ನಿಲ್ಲಿಸಿತು. 2004ರಲ್ಲಿಯೂ 2017ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಇಂಥವರ ಪ್ರಕರಣಗಳಲ್ಲಿ ‘ಮೊದಲು ಕೊಡಿ, ಆಮೇಲೆ ವಸೂಲಿ ಮಾಡಿಕೊಳ್ಳಿ’ ಎಂದು ಕಂಪನಿಗೆ ಆಜ್ಞಾಪಿಸಿದೆ. ಅದು ನ್ಯಾಯಾಲಯದ ಕರುಣೆಯಿಂದ ದೊರೆತದ್ದು. ಪ್ರತಿಯೊಬ್ಬರಿಗೂ ದೊರೆಯುತ್ತದೆಂದು ನೆಚ್ಚಿ ಕೂರುವಂತಿಲ್ಲ. ಆದರೂ ಇಂಥ ಅರ್ಜಿಯಲ್ಲಿ ಈ ಬೇಡಿಕೆಯನ್ನು ಮುಂದಿಡದಿದ್ದರೆ ಅದು ವಕೀಲರ ತಪ್ಪೇ ಸರಿ.

ಗಾಡಿ ಓಡುತ್ತಿದ್ದಾಗ ಮಾತ್ರ ಹೊಣೆಯೋ, ನಿಂತಾಗಲೂ ಉಂಟೋ? ಇದಕ್ಕೆ ಉತ್ತರ ನಮ್ಮ ಕಿತ್ತೂರನ್ನು ಹಾದುಹೋಗುವ ಹೆದ್ದಾರಿಯಿಂದಲೇ ಬಂದಿತು. 1987ರ ಅಕ್ಟೋಬರಿನಲ್ಲಿ ಪುಣೆಯ ಕಡೆಯಿಂದ ಬೆಂಗಳೂರಿನತ್ತ ಹೊರಟ ಪೆಟ್ರೋಲ್ ಟ್ಯಾಂಕರೊಂದು ಸಾತಾರಾ ಜಿಲ್ಲೆಯಲ್ಲಿ, ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ, ಬೆಂಗಳೂರಿನ ಕಡೆಯಿಂದ ಈರುಳ್ಳಿ ಹೇರಿಕೊಂಡು ಬರುತ್ತಿದ್ದ ಲಾರಿಗೆ ಡಿಕ್ಕಿ ಹೊಡೆದು ಮಗುಚಿ ಬಿತ್ತು. ಪೆಟ್ರೋಲು ಸೋರುತ್ತಿತ್ತು. ಹತ್ತಿರದ ಹಳ್ಳಿಯವರು ಬಂದು ನೆರೆದರು. ನಾಲ್ಕು ಗಂಟೆಗಳ ಮೇಲೆ ಬೆಂಕಿ ಹೊತ್ತಿ ಅನೇಕರು ಸುಟ್ಟು ಸತ್ತರು. ಬಿದ್ದ ಗಾಡಿ ‘ಬಳಕೆ’ಯಲ್ಲಿ ಇರಲಿಲ್ಲವೆಂಬ ವಾದ ಎದ್ದಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ‘ಬಳಕೆ’ ಎಂಬ ಒಂದು ಪದವನ್ನು ಹಿಡಿದು ತಿರುವಿ ನೋಡಿ, ಗಾಡಿ ನಿಂತಿರಲಿ, ಕೆಟ್ಟಿರಲಿ, ಮಗುಚಿ ಬಿದ್ದಿರಲಿ, ಅದೂ ಬಳಕೆಯೇ ಎಂದಿತು. ನಿಘಂಟನ್ನು ತಿರುವಿ ಜೀವನ ಕಳೆದ ನನಗೆ ಆ ತೀರ್ಪಿನ ಮೇಲೆ ಸ್ವಲ್ಪ ಹೆಚ್ಚಿನ ಮಮತೆ.

ಆ ಮಮತೆಗೆ ಇನ್ನೊಂದು ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಧಾರವಾಡದಲ್ಲಿ ಕೆಲಸ ಮುಗಿಸಿ ರಾತ್ರಿ ಬೈಕಿನ ಮೇಲೆ ಊರಿಗೆ ಮರಳುತ್ತಿದ್ದ. ಕಿತ್ತೂರಿನ ಈಚೆಗೆ ಹಿಂದೀಪವಿಲ್ಲದೆ, ಒಂದು ಕಲ್ಲನ್ನೋ ಸೊಪ್ಪಿನ ಗೊಂಚಲನ್ನೋ ಕೂಡ ಇಡದೆ ನಿಲ್ಲಿಸಿದ್ದ ಲಾರಿಗೆ ಹಿಂದಿನಿಂದ ಬಡಿದು ತೀರಿಹೋದ. ಮೂರನೆಯ ದಿನ ಲಾರಿಯ ಕಡೆಯವರು ಮನೆಗೆ ಬಂದರು. ನಲವತ್ತು ಸಾವಿರ ರೂಪಾಯಿ ಎಣಿಸಿ, ಮುದ್ರೆಯ ಕಾಗದದ ಮೇಲೆ ‘ನಮ್ಮದೇನೂ ತಕರಾರಿಲ್ಲ’ ಎಂದು ಬರೆಯಿಸಿ, ಮುದುಕ ತಂದೆಯ ಹೆಬ್ಬಟ್ಟು, ಹೆಂಡತಿಯ ಸಹಿ ಪಡೆದರು. ಲಾರಿಯ ಮೇಲಿನ ಫಿರ್ಯಾದಿ ಹತ್ತೊಂಬತ್ತು ದಿನ ತಡವಾಯಿತು. ನಾನು ಹೋದಾಗ ಆ ಹೆಣ್ಣುಮಗಳು ಹೇಳಿದ್ದು ಇಷ್ಟೇ: “ದಿನಾ ಮಾಡಾಕ ರೊಕ್ಕಾ ಇರಲಿಲ್ರಿ ಸರ. ಅವರು ಕೊಟ್ರು, ನಾವು ಒತ್ತಿದ್ವಿ.”

ಆ ಹತ್ತೊಂಬತ್ತು ದಿನಗಳು ನಮ್ಮನ್ನು ವರ್ಷಗಟ್ಟಲೆ ಅಲೆಸಿದವು. ಲಾರಿ ಅದಲ್ಲವೇ ಅಲ್ಲ, ಪರಿಹಾರಕ್ಕಾಗಿ ಆಮೇಲೆ ತಂದು ನಿಲ್ಲಿಸಿದ್ದೀರಿ ಎಂದು ಕಂಪನಿಯ ವಕೀಲರು ವಾದಿಸಿದರು. ಲಾರಿಯ ನಂಬರನ್ನು ನೆನಪಿಟ್ಟ ಚಹದ ಅಂಗಡಿಯವನೊಬ್ಬ ಸಾಕ್ಷಿ ಹೇಳದೆ ಹೋಗಿದ್ದರೆ ಎಲ್ಲವೂ ಮುಗಿಯುತ್ತಿತ್ತು. ದೂರು ತಡವಾಯಿತೆಂಬ ಒಂದೇ ಕಾರಣದಿಂದ ಅರ್ಜಿಯನ್ನು ತಳ್ಳಕೂಡದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ. ಅದು ನಮ್ಮ ಕೈ ಹಿಡಿಯಿತು. ಮುದ್ರೆಯ ಕಾಗದವನ್ನೂ ನ್ಯಾಯಾಧೀಶರು ಬದಿಗಿಟ್ಟರು, ಅಪ್ರಾಪ್ತ ಮಗನ ಹಕ್ಕನ್ನು ಹಾಗೆ ಮನೆಯ ಕಟ್ಟೆಯ ಮೇಲೆ ಕುಳಿತು ಬಿಟ್ಟುಕೊಡಲು ಬರುವುದಿಲ್ಲವೆಂದು. ಆದರೆ ಮುಂದೆ ನಿಂತ ಲಾರಿಯನ್ನು ನೋಡದಿದ್ದುದಕ್ಕೆ ಸವಾರನ ಅಜಾಗರೂಕತೆಯೂ ನಾಲ್ಕರಲ್ಲಿ ಒಂದು ಪಾಲು ಎಂದು ಅಷ್ಟನ್ನು ಕಡಿದರು. “ಸತ್ತವರದೂ ತಪ್ಪಿನಾಗ ಪಾಲ ಇರತೈತೇನ್ರಿ?” ಎಂದು ಆಕೆ ಕೇಳಿದಳು. ಇರುತ್ತದೆ ಎಂದು ಹೇಳುವುದು ನನಗೆ ಕಷ್ಟವಾಯಿತು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡು ಕತ್ತಲೆಯಲ್ಲಿ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರುಗಳನ್ನು ಕಂಡಾಗ ಈಗಲೂ ಆ ಪ್ರಶ್ನೆ ನೆನಪಾಗುತ್ತದೆ.

ಇಂದು ಕಾನೂನು ಕೊಂಚ ಬದಲಾಗಿದೆ. 2019ರ ತಿದ್ದುಪಡಿಯ ಈ ಭಾಗ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಂದು. ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳಲ್ಲಿ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳುಹಿಸಬೇಕು. ವಿವರವಾದ ವರದಿಯನ್ನು 90 ದಿನಗಳಲ್ಲಿ. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಸ್ವೀಕರಿಸಲು ಅವಕಾಶವಿದೆ. ತಪ್ಪು ಯಾರದೆಂದು ಸಾಧಿಸದೆಯೇ ಪಡೆಯಬಹುದಾದ ಮೊತ್ತ ಸಾವಿಗೆ 5 ಲಕ್ಷ, ಘೋರ ಗಾಯಕ್ಕೆ ಎರಡೂವರೆ ಲಕ್ಷ. ಬಡಿದು ಓಡಿಹೋದ ಗಾಡಿಯ ಗುರುತೇ ಸಿಗದಿದ್ದರೆ ಸಾವಿಗೆ 2 ಲಕ್ಷ, ಘೋರ ಗಾಯಕ್ಕೆ 50 ಸಾವಿರ. ಅದಕ್ಕೆ ಅರ್ಜಿ ಕಂದಾಯ ಅಧಿಕಾರಿಗಳ ಮುಂದೆ. 2025ರ ಮೇ ತಿಂಗಳಿನಿಂದ ಗಾಯಾಳುವಿಗೆ ಮೊದಲ ಏಳು ದಿನಗಳಲ್ಲಿ ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಇದೆ.

ಒಂದು ಕಡೆ ಮಾತ್ರ ಕಾನೂನು ಬಿಗಿಯಾಯಿತು. 1994ರಿಂದ ಇಲ್ಲದಿದ್ದ ಕಾಲಮಿತಿ ಮರಳಿ ಬಂತು: ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಇದರ ಸಿಂಧುತ್ವ ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಗಿ, ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿರೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಮಧ್ಯಂತರ ಆದೇಶವನ್ನು ನಂಬಿ ವರ್ಷದ ಮಾಸಿಕ ಮುಗಿಯಲಿ ಎಂದು ಕಾಯುವುದು ಜಾಣತನವಲ್ಲ.

ಅರ್ಜಿಯನ್ನು ಅಪಘಾತ ಎಲ್ಲಾಯಿತೋ ಅಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯೂ ಆಗುತ್ತದೆ. ಗುಜರಾತಿನಲ್ಲಿ ಲಾರಿ ಉರುಳಿ ಸತ್ತ ರಾಮದುರ್ಗದವನ ಹೆಂಡತಿ ರಾಮದುರ್ಗದಲ್ಲೇ ಕೇಳಬಹುದು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹಿರಿಯ ಸಿವಿಲ್ ನ್ಯಾಯಾಲಯಗಳೇ ಈ ಮಂಡಳಿಯ ಕೆಲಸವನ್ನೂ ಮಾಡುತ್ತವೆ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಅದೇ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟರಿಗೂ ಆದಾಯದ ಲೆಕ್ಕವಿಲ್ಲದೆ ವಕೀಲರನ್ನು ಉಚಿತವಾಗಿ ಕೊಡಬೇಕು. ಫೋನಿನಲ್ಲಿ ಕೇಳುವುದಾದರೆ 15100. ಆಸ್ಪತ್ರೆಯ ಬಾಗಿಲಲ್ಲೇ ಸಹಿ ಹಾಕಿಸಿಕೊಂಡು, ಬಂದುದರಲ್ಲಿ ಇಷ್ಟು ಪಾಲು ಎಂದು ಮಾತಾಡುವವರಿಗಿಂತ ಆ ಸಮಿತಿಯ ಮೆಟ್ಟಿಲು ಹತ್ತುವುದು ಮೇಲು.

ಮೊತ್ತದ ಲೆಕ್ಕ ಮಂತ್ರವೇನಲ್ಲ. ರಾಮದುರ್ಗದ ನೇಕಾರನೊಬ್ಬನನ್ನು ಊಹಿಸಿಕೊಳ್ಳಿ. ವಯಸ್ಸು 32, ತಿಂಗಳ ದುಡಿಮೆ 12,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನು ನಂಬಿದವರು. 2017ರ ಪ್ರಣಯ್ ಸೇಠಿ ತೀರ್ಪಿನಂತೆ, ಮುಂದೆ ಅವನ ದುಡಿಮೆ ಹೆಚ್ಚುತ್ತಿತ್ತೆಂದು ನೂರಕ್ಕೆ 40 ಸೇರಿಸಿದರೆ 16,800. ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 12,600. ವರ್ಷಕ್ಕೆ 1,51,200. ಆ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪು ಗೊತ್ತುಮಾಡಿದ ಗುಣಕ 16. ಒಟ್ಟು 24,19,200 ರೂಪಾಯಿ. ಅಂತ್ಯಕ್ರಿಯೆಗೆ, ಸಂಗಾತಿಯನ್ನೂ ತಂದೆಯನ್ನೂ ಕಳೆದುಕೊಂಡದ್ದಕ್ಕೆ ಇನ್ನಿಷ್ಟು. ಸಂಬಳದ ಚೀಟಿ ಇಲ್ಲವೆಂದು ಹೆದರಬೇಕಿಲ್ಲ. ಅಂದಾಜು ಆದಾಯದ ಪಟ್ಟಿಯೊಂದನ್ನು ನ್ಯಾಯಾಲಯಗಳು ಬಳಸುತ್ತವೆ. ಮನೆಗೆಲಸ ಮಾಡುವ ಹೆಂಗಸಿನ ದುಡಿಮೆಗೂ ಬೆಲೆ ಕಟ್ಟಬೇಕೆಂದು 2021ರಲ್ಲಿ ತೀರ್ಪಾಗಿದೆ. ಬದುಕಿ ಉಳಿದು ಅಂಗ ಊನವಾದರೆ, ಆ ಊನ ಅವನ ಕಸುಬನ್ನು ಎಷ್ಟು ಕಸಿದುಕೊಂಡಿತೆಂದು ನೋಡಬೇಕು. ಗುಮಾಸ್ತನೊಬ್ಬ ಪಾದವನ್ನು ಕಳೆದುಕೊಂಡರೂ ಬರೆಯಬಲ್ಲ. ಕುಣಿಮಗ್ಗದಲ್ಲಿ ಕಾಲಿನಿಂದ ತುಳಿದು ನೇಯುವವನ ಮಗ್ಗವೇ ನಿಂತುಹೋಗುತ್ತದೆ.

ತೀರ್ಪು ಸಮಾಧಾನ ತಾರದಿದ್ದರೆ ಧಾರವಾಡದ ಉಚ್ಚ ನ್ಯಾಯಾಲಯದ ಪೀಠಕ್ಕೆ 90 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. 2008ರಲ್ಲಿ ಸಂಚಾರಿ ಪೀಠ ಬರುವ ಮುಂಚೆ ಇದಕ್ಕೂ ಬೆಂಗಳೂರಿನ ರೈಲು ಹತ್ತಬೇಕಿತ್ತು. ನನ್ನ ವಿದ್ಯಾರ್ಥಿಯ ಹೆಂಡತಿ ಮೇಲ್ಮನವಿಗೆ ಹೋಗಲಿಲ್ಲ, ಸಾಕಾಗಿದೆಯೆಂದಳು. ಬಂದ ಹಣದಲ್ಲಿ ಮಗನ ಪಾಲನ್ನು ಅವನು ಪ್ರಾಯಕ್ಕೆ ಬರುವವರೆಗೆ ಬ್ಯಾಂಕಿನಲ್ಲಿ ಇಡಬೇಕೆಂದು ನ್ಯಾಯಾಧೀಶರು ಬರೆದಿದ್ದರು. ಹುಡುಗ ಈಗ ಪಿ.ಯು. ಓದುತ್ತಿದ್ದಾನೆ. ಠೇವಣಿಯ ರಸೀದಿ ಟ್ರಂಕಿನಲ್ಲಿದೆ, ಅಪ್ಪನ ಬಿ.ಎ. ಅಂಕಪಟ್ಟಿಯ ಜೊತೆಯಲ್ಲಿ. ಅದರಲ್ಲಿ ಕನ್ನಡಕ್ಕೆ ನಾನೇ ಕೊಟ್ಟ ಅಂಕಗಳೂ ಇವೆ.